ಮನೆಯ ಮಾತ್ರೆ ಡಬ್ಬಿಯನ್ನು ಒಮ್ಮೆ ಸುರಿದು ನೋಡಿ

ಅಮ್ಮನ ಮಾತ್ರೆಗಳೆಲ್ಲ ಇರೋದು ಹಳೇ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ. ಅದರ ಜಾಗ ಫ್ರಿಜ್ ಮೇಲೆ, ಪಂಚಾಂಗದ ಪಕ್ಕ. ಕಳೆದ ದಸರಾಕ್ಕೆ ಊರಿಗೆ ಹೋದಾಗ ಬಸ್ಸಿನ ತಲೆನೋವು ಅಂತ ಒಂದು ಮಾತ್ರೆ ಹುಡುಕೋಕೆ ಅದನ್ನು ಇಳಿಸಿದೆ. ಬೇಕಿದ್ದದ್ದು ಒಂದು, ಒಳಗಿದ್ದದ್ದು ನಲವತ್ತಕ್ಕೂ ಜಾಸ್ತಿ. ಎಲ್ಲವೂ ಕತ್ತರಿಯಲ್ಲಿ ಕತ್ತರಿಸಿಕೊಟ್ಟ ತುಂಡು ಸ್ಟ್ರಿಪ್‌ಗಳು. ಎರಡು ಮಾತ್ರೆ, ನಾಲ್ಕು ಮಾತ್ರೆ, ಒಂದರಲ್ಲಿ ಬರೀ ಒಂದು. ಎಕ್ಸ್‌ಪೈರಿ ತಾರೀಕು ಇರುವ ತುದಿ ಯಾವುದರಲ್ಲೂ ಇಲ್ಲ. ಒಂದು ತುಂಡಿನ ಮೇಲೆ ಹೆಸರಿನ ಕೊನೆ ಮಾತ್ರ ಉಳಿದಿತ್ತು: "ಡಾಲ್". ಮೊದಲರ್ಧ ಬೇರೆ ಯಾರದೋ ಮನೆಗೆ ಹೋಗಿದೆ.

ಆ "ಡಾಲ್" ಏನು ಅಂತ ಆಮೇಲೆ ಹೇಳ್ತೀನಿ. ಅದನ್ನು ಪತ್ತೆ ಮಾಡೋಕೆ ಹೋಗಿಯೇ ಇಷ್ಟೆಲ್ಲ ಓದಿಕೊಂಡೆ, ಡಾಕ್ಟರ್ ಹತ್ತಿರ ಕೇಳಿ ತಿಳಿದುಕೊಂಡೆ. ನಾನು ಡಾಕ್ಟರ್ ಅಲ್ಲ. ಹಾಗಾಗಿ ಇದು ಔಷಧಿ ಹೇಳುವ ಬರಹ ಅಲ್ಲ, ಡಬ್ಬಿ ನೋಡುವ ಬರಹ ಅಷ್ಟೇ.

ಮೊದಲು ಒಂದು ಮಾತು. ನೋವಿನ ಮಾತ್ರೆಯ ದುರ್ಬಳಕೆ ಅಂದ ಕೂಡಲೇ ನಮ್ಮ ಕಣ್ಣಿಗೆ ಬರೋದು ಯಾವುದೋ ಗಲ್ಲಿಯಲ್ಲಿ ಕೂತ ಹುಡುಗರು. ಅವರೂ ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ಲೆಕ್ಕ ನೋಡಿದರೆ ಕಥೆ ಬೇರೆ. ಅಮೆರಿಕದಲ್ಲಿ ಪ್ರತಿವರ್ಷ ದೊಡ್ಡ ಸಮೀಕ್ಷೆ ನಡೆಯುತ್ತದೆ. 2021ರಲ್ಲಿ ಅಲ್ಲಿ 12 ವರ್ಷ ದಾಟಿದವರಲ್ಲಿ ಸುಮಾರು 87 ಲಕ್ಷ ಜನ, ಅಂದರೆ ನೂರಕ್ಕೆ ಮೂವರಿಗಿಂತ ಸ್ವಲ್ಪ ಜಾಸ್ತಿ, ಡಾಕ್ಟರ್ ಬರೆದುಕೊಡುವ ನೋವಿನ ಮಾತ್ರೆಯನ್ನು ಹೇಳಿದ ಹಾಗೆ ಅಲ್ಲದೆ ತಮ್ಮಿಷ್ಟಕ್ಕೆ ತೆಗೆದುಕೊಂಡಿದ್ದರು. ಯಾಕೆ ತಗೊಂಡ್ರಿ ಅಂತ ಕೇಳಿದರೆ ಹೆಚ್ಚಿನವರು ಹೇಳೋದು ಮತ್ತಿನ ಮಾತಲ್ಲ, ಮೈನೋವು ಕಡಿಮೆ ಆಗಲಿ ಅಂತ. ಎಲ್ಲಿ ಸಿಕ್ತು ಅಂದರೆ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ಸ್ನೇಹಿತರಿಂದ, ನೆಂಟರಿಂದ. ಅದೇ, ನಮ್ಮ ಚಿಕ್ಕಪ್ಪ, ಎದುರು ಮನೆ ಅಕ್ಕ, ಆಫೀಸಿನ ಪಕ್ಕದ ಸೀಟಿನವರು.

ನಮ್ಮಲ್ಲಿ? ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್‌ನವರು ಸುಮಾರು 2 ಲಕ್ಷ ಮನೆಗಳಿಗೆ ಹೋಗಿ, 4.7 ಲಕ್ಷ ಜನರನ್ನು ಮಾತಾಡಿಸಿ 2019ರಲ್ಲಿ ವರದಿ ಕೊಟ್ಟರು. ಅಫೀಮಿನ ಜಾತಿಗೆ ಸೇರಿದ ಔಷಧಿಗಳನ್ನು, ಅಂದರೆ ಓಪಿಯಾಯ್ಡ್ ಮಾತ್ರೆ, ಸಿರಪ್, ಇಂಜೆಕ್ಷನ್‌ಗಳನ್ನು ಹಿಂದಿನ ಒಂದು ವರ್ಷದಲ್ಲಿ ಔಷಧಿಯಾಗಿ ಅಲ್ಲದೆ ಬಳಸಿದವರು 10ರಿಂದ 75 ವರ್ಷದವರಲ್ಲಿ 0.96 ಶೇಕಡಾ. ನೂರಕ್ಕೆ ಒಬ್ಬರೂ ಇಲ್ಲ ಅನ್ನಿಸುತ್ತೆ ಅಲ್ವಾ? ನಮ್ಮ ಜನಸಂಖ್ಯೆಗೆ ಗುಣಿಸಿ ನೋಡಿ, ಒಂದು ಕೋಟಿ ದಾಟುತ್ತದೆ. ಇನ್ನೊಂದು ಗಮನಿಸಿ. ಇದರಲ್ಲಿ ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಐಬುಪ್ರೊಫೆನ್ ಥರದ ಮಾಮೂಲಿ ನೋವಿನ ಮಾತ್ರೆಗಳ ಲೆಕ್ಕವೇ ಇಲ್ಲ. ಅವು ಅಮಲು ಕೊಡಲ್ಲ, ಆದ್ದರಿಂದ ಮಾದಕ ವಸ್ತುಗಳ ಸಮೀಕ್ಷೆಗೆ ಅವು ಬೇಡ. ಆದರೆ ನಮ್ಮೂರ ಡಬ್ಬಿಗಳ ತುಂಬ ಇರೋದು ಅವೇ. ಹೀಗಾಗಿ 0.96 ಅನ್ನೋದನ್ನು ಓದಿ ನಮ್ಮನೆಗೆ ಸಂಬಂಧ ಇಲ್ಲ ಅಂತ ಪೇಪರ್ ಮಡಚಿಡಬೇಡಿ.

ಮೊದಲ ಕೆಲಸ: ಸುರಿಯೋದು, ಓದೋದು

ಒಂದು ಭಾನುವಾರ ಮಧ್ಯಾಹ್ನ ಚಾಪೆ ಹಾಸಿ ಡಬ್ಬಿ ಪೂರ್ತಿ ಸುರಿಯಿರಿ. ಡಬ್ಬಿ ಒಂದೇ ಇರಲ್ಲ. ಪರ್ಸಿನ ಜಿಪ್, ದಿಂಬಿನ ಕೆಳಗೆ, ಅಪ್ಪನ ಸ್ಕೂಟರ್ ಡಿಕ್ಕಿ, ದೇವರ ಮನೆಯ ಗೂಡು, ಎಲ್ಲ ಕಡೆಯಿಂದಲೂ ತನ್ನಿ. ಮಾತ್ರೆಯ ದೊಡ್ಡ ಹೆಸರು ಬಿಡಿ, ಅದು ಕಂಪನಿ ಇಟ್ಟ ಹೆಸರು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಏನಿದೆ ಅನ್ನೋದನ್ನು ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ಓದಿ, ಒಂದು ಹಾಳೆಯಲ್ಲಿ ಬರೆಯಿರಿ. ಕಾಂಬಿಫ್ಲಾಮ್ ಅಂದರೆ ಐಬುಪ್ರೊಫೆನ್ 400 ಮತ್ತು ಪ್ಯಾರಸಿಟಮಾಲ್ 325. ಝೆರೊಡಾಲ್-ಪಿ ಅಂದರೆ ಅಸಿಕ್ಲೊಫೆನಾಕ್ 100 ಮತ್ತು ಪ್ಯಾರಸಿಟಮಾಲ್ 325. ಅಲ್ಟ್ರಾಸೆಟ್ ಅಂದರೆ ಟ್ರಮಡಾಲ್ ಅನ್ನೋ ಓಪಿಯಾಯ್ಡ್ 37.5, ಜೊತೆಗೆ ಅದೇ ಪ್ಯಾರಸಿಟಮಾಲ್ 325. ಅಮೆರಿಕದಲ್ಲಿರುವ ಮಗಳು ತಂದುಕೊಟ್ಟ ದೊಡ್ಡ ಡಬ್ಬಿ ಇದ್ದರೆ ಅದನ್ನೂ ಓದಿ. ಅಲ್ಲಿಯ ಅಡ್ವಿಲ್ ನಮ್ಮ ಐಬುಪ್ರೊಫೆನ್ನೇ. ಟೈಲೆನಾಲ್ ಮೇಲೆ ಅಸಿಟಮಿನೊಫೆನ್ ಅಂತ ಇರುತ್ತೆ, ಅದು ಬೇರೇನೂ ಅಲ್ಲ, ನಮ್ಮ ಪ್ಯಾರಸಿಟಮಾಲ್. ಹೆಸರು ಬೇರೆ ಅಂತ ಎರಡನ್ನೂ ನುಂಗುವವರನ್ನು ನಾನೇ ನೋಡಿದ್ದೀನಿ.

ಗುರುತುಗಳೂ ಮಾತಾಡ್ತವೆ. ಸ್ಟ್ರಿಪ್ಪಿನ ಬದಿಯಲ್ಲಿ ಕೆಂಪು ಗೆರೆ ಇದ್ದರೆ ಅದು ಡಾಕ್ಟರ್ ಚೀಟಿ ಇಲ್ಲದೆ ಮಾರುವಂಥದ್ದಲ್ಲ. ಎಚ್1 ಅಂತ ಕೆಂಪು ಚೌಕದೊಳಗೆ ಎಚ್ಚರಿಕೆ ಇದ್ದರೆ ಇನ್ನೂ ಒಂದು ಮೆಟ್ಟಿಲು ಮೇಲೆ. ಎಚ್1 ಅಂದರೆ ಇನ್ನೂ ಬಿಗಿಯಾಗಿ ನಿಗಾ ಇಡುವ ಔಷಧಿಗಳ ಪಟ್ಟಿ, ಅದು ಜಾರಿಗೆ ಬಂದದ್ದು 2014ರ ಮಾರ್ಚ್‌ನಲ್ಲಿ. ಯಾವ ಡಾಕ್ಟರ್ ಬರೆದರು, ಯಾರಿಗೆ ಕೊಟ್ಟೆ, ಎಷ್ಟು ಕೊಟ್ಟೆ ಅಂತ ಅಂಗಡಿಯವರು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಟ್ರಮಡಾಲ್ ಈ ಪಟ್ಟಿಯಲ್ಲಿದೆ. ಅಷ್ಟೇ ಅಲ್ಲ, 2018ರ ಏಪ್ರಿಲ್‌ನಿಂದ ಅದು ಮಾದಕ ವಸ್ತು ಕಾನೂನಿನ ಕೆಳಗೂ ಬಂತು. ಎನ್‌ಆರ್‌ಎಕ್ಸ್ (NRx) ಅನ್ನೋ ಕೆಂಪಕ್ಷರ ಕಂಡರೆ ಅದು ಆ ಕಾನೂನಿನ ಗುರುತು.

ಹೆಸರೇ ಇಲ್ಲದ ತುಂಡು ಸಿಕ್ಕರೆ? ಬಿಳಿ ಕಾಗದದ ಪೊಟ್ಟಣದಲ್ಲಿ ಕೆಂಪು, ಹಳದಿ, ಬಿಳಿ ಮಾತ್ರೆ ಬೆರೆಸಿ ಕೊಟ್ಟಿದ್ದರೆ? ಪಕ್ಕಕ್ಕಿಡಿ. ಊಹೆ ಮಾಡಬೇಡಿ. ಇನ್ನು ಮುಂದೆ ನಾಲ್ಕೇ ಮಾತ್ರೆ ತಂದರೂ ಕತ್ತರಿಸುವ ಮುಂಚೆ ಅಲ್ಲೇ ನಿಂತು ಪೂರ್ತಿ ಸ್ಟ್ರಿಪ್ಪಿನ ಫೋಟೋ ತೆಗೆದುಕೊಳ್ಳಿ. ಅಂಗಡಿಯವರು ಒಂದು ಥರ ನೋಡ್ತಾರೆ, ನೋಡಲಿ ಬಿಡಿ. "ಮಂಡಿನೋವಿಗೆ ಆಯುರ್ವೇದದ ಪುಡಿ, ಎರಡೇ ದಿನದಲ್ಲಿ ನೋವು ಮಂಗಮಾಯ" ಅಂತ ಸಂತೆಯಲ್ಲಿ ಸಿಗುತ್ತಲ್ಲ, ಅದನ್ನೂ ಈ ಸಾಲಿಗೇ ಸೇರಿಸಿ. ಇಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಅಥವಾ ಇಂಗ್ಲಿಷ್ ನೋವಿನ ಔಷಧಿ ಬೆರೆಸಿರೋದು ಎಷ್ಟೋ ಸಲ ಸಿಕ್ಕಿಬಿದ್ದಿದೆ.

ಎರಡನೇದು: ಕೂಡೋ ಲೆಕ್ಕ

ಇಲ್ಲೇ ನನಗೆ ನಿಜವಾಗಿ ಭಯ ಆಗಿದ್ದು. ಅಮ್ಮನ ಒಂದು ದಿನ ಹೀಗಿತ್ತು. ಮಂಡಿಗೆ ಬೆಳಗ್ಗೆ ಒಂದು, ರಾತ್ರಿ ಒಂದು, ಪ್ಯಾರಸಿಟಮಾಲ್ 325 ಇರುವ ಅಸಿಕ್ಲೊಫೆನಾಕ್ ಕಾಂಬಿನೇಷನ್. ಮೈ ಬಿಸಿ ಅನ್ನಿಸಿದ್ದರಿಂದ ಮೂರು ಹೊತ್ತು ಡೋಲೊ 650, ಅದೂ ಪ್ಯಾರಸಿಟಮಾಲೇ. ನೆಗಡಿ ಅಂತ ಪ್ಯಾರಸಿಟಮಾಲ್ 500 ಇರುವ ನೆಗಡಿ ಮಾತ್ರೆ ಎರಡು. ಅಮ್ಮನ ಪ್ರಕಾರ ಮಂಡಿದು ಬೇರೆ, ಜ್ವರದ್ದು ಬೇರೆ, ನೆಗಡಿದು ಬೇರೆ. ಪ್ಯಾರಸಿಟಮಾಲ್ ಕೂಡಿಸಿ: 650, 1950, 1000. ಒಟ್ಟು 3600 ಮಿಲಿಗ್ರಾಂ. ಗಟ್ಟಿಮುಟ್ಟಾದ ದೊಡ್ಡವರಿಗೂ ದಿನಕ್ಕೆ 4000ದ ಗೆರೆ ದಾಟಬಾರದು. ಸಣಕಲು ಮೈಯವರಿಗೆ, ಕುಡಿಯುವವರಿಗೆ, ಲಿವರ್ ತೊಂದರೆ ಇರುವವರಿಗೆ ಆ ಗೆರೆ ಇನ್ನೂ ಕೆಳಗಿದೆ. ಅಮ್ಮನ ತೂಕ ನಲವತ್ನಾಲ್ಕು ಕೆಜಿ. ಡಾಕ್ಟರ್ ಈ ಲೆಕ್ಕ ನೋಡಿ ಮೊದಲು ಕೇಳಿದ್ದು, "ಇಷ್ಟನ್ನೂ ಬರೆದುಕೊಟ್ಟೋರು ಯಾರು?" ಯಾರೂ ಇಲ್ಲ. ಒಂದು ಹಳೇ ಚೀಟಿಯದು, ಒಂದು ಅಂಗಡಿಯವರು ಕೊಟ್ಟದ್ದು, ಒಂದು ಟಿವಿಯಲ್ಲಿ ನೋಡಿದ್ದು.

ಇದೇ ಥರ ಫೆನಾಕ್, ಪ್ರೊಫೆನ್ ಅಂತ ಮುಗಿಯೋ ಹೆಸರುಗಳನ್ನೂ ಒಂದು ಗುಂಪಿಗೆ ಹಾಕಿ. ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಐಬುಪ್ರೊಫೆನ್. ಮುಟ್ಟಿನ ಹೊಟ್ಟೆನೋವಿಗೆ ತಗೊಳ್ಳುವ ಮೆಫೆನಾಮಿಕ್ ಆಸಿಡ್, ಆಮೇಲೆ ನ್ಯಾಪ್ರೊಕ್ಸೆನ್, ಇವೂ ಅದೇ ಮನೆತನ. ಎರಡನ್ನು ಒಟ್ಟಿಗೆ ನುಂಗಿದರೆ ನೋವು ಎರಡು ಪಟ್ಟು ಬೇಗ ಹೋಗಲ್ಲ. ಹೊಟ್ಟೆ ಮತ್ತು ಕಿಡ್ನಿಗೆ ಬೀಳುವ ಏಟು ಮಾತ್ರ ಜಾಸ್ತಿ. "ಗ್ಯಾಸ್ ಮಾತ್ರೆ ಜೊತೆಗೆ ತಗೋತೀನಲ್ಲ, ಏನಾಗಲ್ಲ" ಅನ್ನೋರು ತುಂಬ ಜನ. ಗ್ಯಾಸ್ ಮಾತ್ರೆ ಹೊಟ್ಟೆಯನ್ನು ಒಂದಷ್ಟು ಕಾಯುತ್ತೆ. ಕಿಡ್ನಿಯನ್ನು ಅಲ್ಲ.

ಅದರಲ್ಲೂ ಬಿಪಿ ಮಾತ್ರೆಯ ಸ್ಟ್ರಿಪ್ ಇದ್ದರೆ ಅದನ್ನೂ ಓದಿ. ಟೆಲ್ಮಿಸಾರ್ಟನ್, ಲೊಸಾರ್ಟನ್ ಥರದ್ದು, ಜೊತೆಗೆ ಮೂತ್ರ ಹೋಗಿಸುವ ಹೈಡ್ರೋಕ್ಲೋರೋಥಯಾಜೈಡ್. ಎಷ್ಟೋ ಬಿಪಿ ಮಾತ್ರೆಗಳಲ್ಲಿ ಈ ಎರಡೂ ಒಟ್ಟಿಗೇ ಇರುತ್ತವೆ. ಇವುಗಳ ಮೇಲೆ ಫೆನಾಕ್ ಗುಂಪಿನ ಮಾತ್ರೆ ದಿನಾ ಬಿದ್ದರೆ ಕಿಡ್ನಿಗೆ ಮೂರು ಕಡೆಯಿಂದ ಕಾಟ. ಬೇಸಿಗೆಯಲ್ಲಿ ಹೊಲದ ಕೆಲಸ ಮಾಡಿ ನೀರು ಕಡಿಮೆ ಕುಡಿದ ದಿನ ಇನ್ನೂ ಕಷ್ಟ. ಹೀಗಿದ್ದರೆ ಡಾಕ್ಟರ್‌ಗೆ ಹೇಳಿ, ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ರಕ್ತ ಪರೀಕ್ಷೆ ಮಾಡಿಸಿ. ಎಕೊಸ್ಪ್ರಿನ್ ಅಥವಾ ರಕ್ತ ತೆಳು ಮಾಡುವ ಬೇರೆ ಮಾತ್ರೆ ತಗೊಳ್ಳುವವರೂ ಕೇಳದೆ ಈ ಗುಂಪನ್ನು ಮುಟ್ಟಬಾರದು. ಮಲ ಡಾಂಬರಿನ ಹಾಗೆ ಕಪ್ಪಾದರೆ ಅದು ಪಿತ್ತ ಅಲ್ಲ, ಒಳಗೆ ರಕ್ತ ಹೋಗ್ತಿರಬಹುದು, ಅವತ್ತೇ ಆಸ್ಪತ್ರೆ.

ಡೆಂಗಿ ಕಾಲದಲ್ಲಂತೂ ಜ್ವರಕ್ಕೆ ಪ್ಯಾರಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆಗೆ ಕೈ ಹಾಕಬೇಡಿ. ರಕ್ತಸ್ರಾವದ ಅಪಾಯ ಏರುತ್ತದೆ. ನಿಮೆಸುಲೈಡ್ ಅನ್ನೋ ನೋವಿನ ಮಾತ್ರೆ ಇದ್ದರೆ ಮಕ್ಕಳಿಂದ ದೂರ ಇಡಿ, 12 ವರ್ಷದೊಳಗಿನವರಿಗೆ ಅದನ್ನು ನಮ್ಮ ದೇಶದಲ್ಲಿ 2011ರಲ್ಲೇ ನಿಷೇಧಿಸಿದ್ದಾರೆ.

ಕಿಡ್ನಿ ಅಂದಾಗ ನೆನಪಾಯ್ತು. ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದುಗಳ ಧಾಮ ಇದೆಯಲ್ಲ, ಶೋಲೆ ಬೆಟ್ಟ ಅಂದರೆ ಎಲ್ಲರಿಗೂ ಗೊತ್ತು. ದೇಶದಲ್ಲಿ ಲಕ್ಷಗಟ್ಟಲೆ ಇದ್ದ ರಣಹದ್ದುಗಳು ಹದಿನೈದಿಪ್ಪತ್ತು ವರ್ಷದಲ್ಲಿ ಹೆಚ್ಚುಕಡಿಮೆ ಅಳಿದುಹೋದದ್ದು ಡೈಕ್ಲೊಫೆನಾಕ್‌ನಿಂದ. ದನಕ್ಕೆ ನೋವಿಗೆ ಅಂತ ಕೊಟ್ಟ ಸೂಜಿ, ಸತ್ತ ದನ ತಿಂದ ಹಕ್ಕಿಯ ಕಿಡ್ನಿ ಕೆಡಿಸಿತು. 2006ರಲ್ಲಿ ದನಗಳಿಗೆ ಅದನ್ನು ನಿಲ್ಲಿಸಿದರು. ಮನುಷ್ಯರ ದೊಡ್ಡ ಬಾಟಲಿಯ ಇಂಜೆಕ್ಷನ್ ದನಕ್ಕೆ ಹೋಗ್ತಿದೆ ಅಂತ 2015ರಲ್ಲಿ ಅದನ್ನೂ 3 ಮಿಲಿಗೆ ಇಳಿಸಿದರು. ನಮ್ಮ ಕಿಡ್ನಿ ಹಕ್ಕಿಯದರಷ್ಟು ಸೂಕ್ಷ್ಮ ಅಲ್ಲ, ಹೋಲಿಸೋದು ಸರಿಯಲ್ಲ, ಆದರೂ "ಡಾಕ್ಟ್ರೇ, ಸುಮ್ನೆ ಒಂದು ಸೂಜಿ ಚುಚ್ಚಿಬಿಡಿ" ಅಂತ ವಾರಕ್ಕೊಂದು ಸಲ ಕ್ಲಿನಿಕ್ಕಿಗೆ ಹೋಗುವವರಿಗೆ ನಾನು ಈ ಕಥೆ ಹೇಳ್ತೀನಿ.

ಮೂರನೇದು: ಹಾಲಿನ ಕ್ಯಾಲೆಂಡರ್

"ಯಾವಾಗಾದ್ರೂ ಒಂದು ತಗೋತೀನಿ" ಅನ್ನೋ ಮಾತು ನಂಬಬೇಡಿ. ಸುಳ್ಳು ಹೇಳ್ತಾರೆ ಅಂತಲ್ಲ, ಅವರಿಗೇ ನೆನಪಿರಲ್ಲ. ನಮ್ಮನೆ ಗೋಡೆ ಕ್ಯಾಲೆಂಡರಿನಲ್ಲಿ ಅಮ್ಮ ಹಾಲಿನ ಲೆಕ್ಕ ಬರೀತಾಳೆ, ಎರಡು ಪ್ಯಾಕೆಟ್ ಬಂದರೆ ಎರಡು ಗೆರೆ. ಅದೇ ಚೌಕದಲ್ಲಿ ನೋವಿನ ಮಾತ್ರೆ ತಗೊಂಡ ದಿನ ಒಂದು ಚುಕ್ಕಿ ಇಡು ಅಂದೆ. ತಿಂಗಳ ಕೊನೆಗೆ ಎಣಿಸಿದರೆ ಇಪ್ಪತ್ತೆರಡು ಚುಕ್ಕಿ. ಅಮ್ಮನೇ ಕನ್ನಡಕ ಹಾಕಿಕೊಂಡು ಎರಡು ಸಲ ಎಣಿಸಿದಳು.

ತಲೆನೋವಿನವರಿಗೆ ಈ ಚುಕ್ಕಿ ಇನ್ನೂ ಮುಖ್ಯ. ಬರೀ ಪ್ಯಾರಸಿಟಮಾಲ್ ಅಥವಾ ಐಬುಪ್ರೊಫೆನ್ ಥರದ್ದು ತಿಂಗಳಿಗೆ 15 ದಿನ, ಕೆಫೀನ್ ಬೆರೆಸಿದ ಕಾಂಬಿನೇಷನ್ ಅಥವಾ ಟ್ರಮಡಾಲ್ ಜಾತಿಯದ್ದು 10 ದಿನ, ಹೀಗೆ ಮೂರು ತಿಂಗಳಿಗಿಂತ ಜಾಸ್ತಿ ನಡೆದರೆ ಮಾತ್ರೆಯೇ ತಲೆನೋವು ತರಿಸುವ ಹಂತ ಬರುತ್ತದೆ. ನೋವು ಅಂತ ಮಾತ್ರೆ, ಮಾತ್ರೆ ಇಳಿದ ಕೂಡಲೇ ಮತ್ತೆ ನೋವು. ವರ್ಷಗಟ್ಟಲೆ "ನನಗೆ ಮೈಗ್ರೇನ್" ಅಂದುಕೊಂಡವರಲ್ಲಿ ಎಷ್ಟು ಜನ ಈ ಗಾಣಕ್ಕೆ ಸಿಕ್ಕಿದ್ದಾರೋ. ಇದಕ್ಕೆ ಮದ್ದು ಆ ಮಾತ್ರೆ ಬಿಡೋದೇ. ಆದರೆ ಬಿಟ್ಟ ಮೊದಲ ದಿನಗಳಲ್ಲಿ ನೋವು ಏರುತ್ತದೆ, ಹಾಗಾಗಿ ಡಾಕ್ಟರ್ ಜೊತೆಗಿರಲಿ.

ಇನ್ನು ಆ "ಡಾಲ್"

ಡಾಲ್ ಅಂದರೆ ಟ್ರಮಡಾಲ್ ಆಗಬಹುದು, ಟಪೆಂಟಡಾಲ್ ಆಗಬಹುದು, ಎರಡೂ ಓಪಿಯಾಯ್ಡ್‌ಗಳು. ಮೇಲೆ ಹೇಳಿದ ಝೆರೊಡಾಲ್ ಕೂಡ ಡಾಲೇ, ಅದರಲ್ಲಿ ಓಪಿಯಾಯ್ಡ್ ಇಲ್ಲ. ಅದಕ್ಕೇ ಹೆಸರಿನ ಬಾಲ ನೋಡಿ ತೀರ್ಮಾನ ಮಾಡೋಕೆ ಆಗಲ್ಲ. ನಾನು ಅಮ್ಮನನ್ನೇ ಕೇಳಿದೆ.

"ಇದು ಯಾರು ಕೊಟ್ಟಿದ್ದಮ್ಮ?"

"ನಿನ್ನ ಚಿಕ್ಕಪ್ಪ ಕಣೇ. ಅವನಿಗೆ ಸೊಂಟದ ಆಪರೇಷನ್ ಆದಾಗ ಕೊಟ್ಟಿದ್ರಂತೆ, ಮಿಕ್ಕಿತ್ತು. ಅತ್ತಿಗೆ, ಇದು ತಗೊಳ್ಳಿ, ಮಂಡಿ ಹೂವಿನ ಹಾಗಾಗುತ್ತೆ ಅಂದ."

"ಆಯ್ತಾ?"

"ಆಯ್ತು. ನಿದ್ದೆನೂ ಚೆನ್ನಾಗಿ ಬಂತು. ಎರಡು ದಿನ ತಲೆ ಸುತ್ತಿ ವಾಂತಿ ಆಯ್ತು, ಅದು ಬಿಸಿಲಿಗೆ."

ಬಿಸಿಲಿಗಲ್ಲ. ಚಿಕ್ಕಪ್ಪನಿಗೆ ಫೋನ್ ಮಾಡಿ ಡಿಸ್ಚಾರ್ಜ್ ಕಾಗದ ವಾಟ್ಸಾಪ್ ಮಾಡಿಸಿಕೊಂಡೆ. ಟ್ರಮಡಾಲ್. ಆಪರೇಷನ್ ಆದವರಿಗೆ ಐದು ದಿನಕ್ಕೆ ಬರೆದದ್ದು, ಅರವತ್ತೆಂಟು ವರ್ಷದ ಅಮ್ಮನ ಡಬ್ಬಿಗೆ ಪ್ರೀತಿಯಿಂದ ಬಂದು ಕೂತಿದೆ. ಯಾರ ತಪ್ಪು ಅಂತ ಹೇಳೋದು? ಆ ಅಮೆರಿಕದ ಲೆಕ್ಕದಲ್ಲಿ ಬರುವ "ನೆಂಟರು" ಇವರೇ.

ಮನೆಯಲ್ಲಿ ಈ ಜಾತಿಯ ಮಾತ್ರೆ ಕಂಡರೆ ಮೂರು ವಿಷಯ ನೋಡಿ. ಎಷ್ಟು ದಿನದಿಂದ ನಡೀತಿದೆ. ಮೊದಲು ಒಂದರಲ್ಲಿ ಹೋಗ್ತಿದ್ದ ನೋವಿಗೆ ಈಗ ಎರಡು ಬೇಕಾ. ತಪ್ಪಿದ ದಿನ ಏನಾಗುತ್ತೆ. ಆಕಳಿಕೆ ಮೇಲೆ ಆಕಳಿಕೆ, ಮೂಗು ಸೋರೋದು, ಭೇದಿ, ಕಾಲು ಸೆಳೆತ, ನಿದ್ದೆ ಇಲ್ಲದೆ ಚಡಪಡಿಕೆ, ಮಾತ್ರೆ ತಗೊಂಡ ಕೂಡಲೇ ಎಲ್ಲ ಸರಿ. ಇಷ್ಟು ಕಂಡರೆ ಮೈ ಅದಕ್ಕೆ ಒಗ್ಗಿಕೊಂಡಿದೆ. ಆಗ ಸಿಟ್ಟಿನಲ್ಲಿ ಸ್ಟ್ರಿಪ್ ಕಿತ್ತುಕೊಂಡು ಬಿಸಾಕೋದು ದೊಡ್ಡ ತಪ್ಪು. ಡಾಕ್ಟರ್ ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಟ್ರಮಡಾಲ್ ಜಾಸ್ತಿಯಾದರೆ ಫಿಟ್ಸ್ ಬರಬಹುದು. ಖಿನ್ನತೆಯ ಕೆಲವು ಮಾತ್ರೆಗಳ ಜೊತೆ ಅದು ಹೊಂದಲ್ಲ. ಹೆಂಡದ ಜೊತೆಗೆ ಅಥವಾ ನಿದ್ದೆ ಮಾತ್ರೆ ಜೊತೆಗೆ ತಗೊಂಡರೆ ಉಸಿರೇ ನಿಧಾನ ಆಗುತ್ತದೆ. ಎಬ್ಬಿಸಿದರೂ ಏಳ್ತಿಲ್ಲ, ಉಸಿರು ಬಿಟ್ಟು ಬಿಟ್ಟು ಬರ್ತಿದೆ, ತುಟಿ ನೀಲಿ ಅಂದರೆ ಮಜ್ಜಿಗೆ ಕುಡಿಸುತ್ತ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಕೇಳುವ ರೀತಿ ಬಗ್ಗೆಯೂ ಒಂದು ಮಾತು. "ನಿನಗೆ ಚಟ ಆಗಿದೆ" ಅಂದರೆ ಮಾತು ಅಲ್ಲಿಗೇ ಮುಗೀತು, ಮಾರನೇ ದಿನದಿಂದ ಡಬ್ಬಿ ಬೇರೆ ಕಡೆ ಬಚ್ಚಿಟ್ಟುಕೊಳ್ಳುತ್ತಾರೆ. ನೋವು ಎಲ್ಲಿದೆ, ಯಾವ ಹೊತ್ತಿಗೆ ಜಾಸ್ತಿ, ಮಾತ್ರೆ ಇಲ್ಲದಿದ್ದರೆ ಯಾವ ಕೆಲಸ ನಿಲ್ಲುತ್ತೆ, ಅಲ್ಲಿಂದ ಶುರು ಮಾಡಿ. ನಮ್ಮಮ್ಮನ ವಿಷಯದಲ್ಲಿ ನಿಲ್ಲುತ್ತಿದ್ದದ್ದು ಬಾವಿಕಟ್ಟೆಯ ಬಟ್ಟೆ ಒಗೆತ. ಕುಕ್ಕರಗಾಲಲ್ಲಿ ಒಂದು ಗಂಟೆ. ಮಾತ್ರೆಯ ಕಾರಣ ಅಲ್ಲಿತ್ತು.

ಡಾಕ್ಟರ್ ಹತ್ತಿರ ಹೋಗುವಾಗ ಬಾಯಲ್ಲಿ ಹೇಳಬೇಡಿ, ಹಾಳೆ, ಕ್ಯಾಲೆಂಡರ್, ಸ್ಟ್ರಿಪ್‌ಗಳು ಎಲ್ಲವನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಇಡಿ. ಎರಡು ನಿಮಿಷದಲ್ಲಿ ಮುಗಿಯೋ ಭೇಟಿ ಹದಿನೈದು ನಿಮಿಷ ಆಗುತ್ತೆ, ನನ್ನ ಅನುಭವ. ಬಿಡೋಕೆ ಆಗ್ತಿಲ್ಲ ಅನ್ನುವ ಹಂತ ಇದ್ದರೆ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮನಸ್ಸಿನ ಮಾತಿಗೆ ಟೆಲಿ ಮಾನಸ್ 14416, ಅದರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗ ಇದೆ. ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನೂ ಕಾಣಬಹುದು.

ಹಾಗಂತ ಭಯ ಬಿದ್ದು ಬೇಕಾದವರ ಮಾತ್ರೆ ನಿಲ್ಲಿಸಬೇಡಿ. ಕ್ಯಾನ್ಸರ್ ನೋವಿಗೆ ಕಿದ್ವಾಯಿಯಂಥ ಆಸ್ಪತ್ರೆಗಳಲ್ಲಿ ಮಾರ್ಫಿನ್ ಕೊಡ್ತಾರೆ, ಅದು ಕೊಡಬೇಕಾದದ್ದೇ. ನೋವು ತಡ್ಕೊಂಡು ನರಳುವುದರಲ್ಲಿ ಯಾವ ದೊಡ್ಡಸ್ತಿಕೆಯೂ ಇಲ್ಲ.

ಉಳಿದದ್ದನ್ನು ಏನು ಮಾಡೋದು? ಮೊದಲು ಹತ್ತಿರದ ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ವಾಪಸ್ ತಗೋತಾರಾ ಕೇಳಿ. ಸಾಮಾನ್ಯ ಮಾತ್ರೆಗಳಾದರೆ ಸ್ಟ್ರಿಪ್‌ನಿಂದ ತೆಗೆದು ಹಳೇ ಕಾಫಿ ಚರಟಕ್ಕೆ ಬೆರೆಸಿ, ಕವರಿಗೆ ಕಟ್ಟಿ, ಹಸಿಕಸ ಒಣಕಸಕ್ಕೆ ಬೆರೆಸದೆ ಬೇರೆಯಾಗಿ ಕಸದವರಿಗೆ ಕೊಡಬಹುದು, ದನ ನಾಯಿ ಬಾಯಿ ಹಾಕದ ಹಾಗೆ. ಟ್ರಮಡಾಲ್, ಟಪೆಂಟಡಾಲ್ ಥರದ್ದನ್ನು ಮಾತ್ರ ಮನೆಯಲ್ಲಿ ಉಳಿಸದೆ ಶೌಚಾಲಯದಲ್ಲಿ ಫ್ಲಶ್ ಮಾಡಿ ಅಂತ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ 17 ಔಷಧಿಗಳ ಪಟ್ಟಿ ಕೊಟ್ಟಿದೆ. ನಾನು ಹಾಗೇ ಮಾಡಿದೆ. ಅಮ್ಮ ಬಾಗಿಲಲ್ಲಿ ನಿಂತು "ಎಷ್ಟು ದುಡ್ಡಿನದೋ ಏನೋ" ಅಂತ ಗೊಣಗಿದಳು.

ಈಗ ಬಟ್ಟೆ ಒಗೆಯೋದು ನಿಂತುಕೊಂಡು, ಸೊಂಟದೆತ್ತರದ ಕಲ್ಲಿನ ಮೇಲೆ. ಕಲ್ಲು ಹಾಕಿಸೋಕೆ ಗಾರೆಯವರಿಗೆ ಒಂದು ದಿನದ ಕೂಲಿ ಆಯ್ತು. ಡಾಕ್ಟರ್ ಹೇಳಿದ ತೊಡೆಯ ವ್ಯಾಯಾಮ ಅರ್ಧ ದಿನ ಮಾಡ್ತಾಳೆ, ಅರ್ಧ ದಿನ ಮರೀತಾಳೆ. ಕಳೆದ ತಿಂಗಳು ಚುಕ್ಕಿ ಏಳು. ಹೋದ ವಾರ ನಾನು ಮನೆಯಲ್ಲಿದ್ದಾಗಲೇ ಎದುರು ಮನೆ ಅಕ್ಕ ಬೇಲಿ ಆಚೆಯಿಂದ ಕೂಗಿದರು, "ಸೊಂಟ ಹಿಡ್ಕೊಂಡಿದೆ, ನಿಮ್ಮ ಆ ಮಾತ್ರೆ ಒಂದಿದ್ರೆ ಕೊಡ್ತೀರಾ?" ಅಮ್ಮ ಒಳಗೆ ಬಂದಳು, ಫ್ರಿಜ್ ಮೇಲಿನ ಡಬ್ಬಿ ಒಮ್ಮೆ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಬಿಸಿನೀರಿನ ರಬ್ಬರ್ ಚೀಲ ತೆಗೆದುಕೊಂಡು ಹೊರಗೆ ಹೋಗಿ ಕೇಳಿದಳು, "ನೀವು ಬಿಪಿಗೆ ಯಾವ ಮಾತ್ರೆ ತಗೊಳ್ಳೋದು? ಸ್ಟ್ರಿಪ್ ತನ್ನಿ ನೋಡೋಣ."